ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ರಕ್ತ ಹಾಕಿದರೆ ಕರುಳು ಕೆಡುತ್ತದೆಯೇ? ಪಾಲಕರು ಸಹಿ ಮಾಡುವ ಮುಂಚೆ ತಿಳಿದಿರಬೇಕಾದದ್ದು

ಆಳಂದ: ಏಳು ತಿಂಗಳಿಗೇ ಹುಟ್ಟಿದ ಕೂಸು. ತೂಕ ಒಂದು ಕೆ.ಜಿ. ಮೇಲೆ ಚೂರು. ಕಲಬುರಗಿಯ ಆಸ್ಪತ್ರೆಯೊಂದರ ಎನ್‌ಐಸಿಯುನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿ ಮೂರನೇ ವಾರ. ಡಾಕ್ಟರು ಹೊರಗೆ ಬಂದು, "ಹಿಮೋಗ್ಲೋಬಿನ್ ಇಳಿದದ, ರಕ್ತ ಹಾಕ್ಬೇಕು, ಇಲ್ಲಿ ಸಹಿ ಮಾಡ್ರಿ" ಅಂತಾರೆ. ಅಪ್ಪ ಪೆನ್ನು ಹಿಡಿಯುವಷ್ಟರಲ್ಲಿ ಪಕ್ಕದ ಬೆಂಚಿನ ಮ್ಯಾಲೆ ಕುಂತವರು ಕಿವಿಯಲ್ಲಿ ಹೇಳ್ತಾರೆ: "ರಕ್ತ ಹಾಕಿದ್ರ ಕೂಸಿನ ಹೊಟ್ಟಿ ಉಬ್ಬಿ ಕರುಳು ಕೊಳಿತದಂತ್ರೀ, ಬ್ಯಾಡನ್ರಿ."

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಕಲಬುರಗಿಗೋ ಸೊಲ್ಲಾಪುರಕ್ಕೋ ಕೂಸು ಹೊತ್ತುಕೊಂಡು ಓಡುವ ಯಾವ ಮನೆಗೂ ಬರಬಹುದಾದ ಗಳಿಗೆ. ಬೆಂಚಿನ ಮೇಲಿನ ಆ ಮಾತು ಪೂರ್ತಿ ಸುಳ್ಳಲ್ಲ, ಹಾಗಂತ ನಿಜವೂ ಅಲ್ಲ. ದೊಡ್ಡ ದೊಡ್ಡ ದೇಶಗಳ ಮಕ್ಕಳ ತಜ್ಞರೇ ವರ್ಷಗಟ್ಟಲೆ ಈ ಸಂಶಯದ ಬೆನ್ನು ಹತ್ತಿದ್ದರು. ಅವರಿಗೆ ಕೊನೆಗೆ ಸಿಕ್ಕಿದ್ದು ಏನು ಅನ್ನುವುದು ಸಹಿ ಮಾಡಬೇಕಾದ ಅಪ್ಪನಿಗೂ ಗೊತ್ತಿರಬೇಕು.

ಒಂದು ಕಪ್ ಚಹಾದಷ್ಟು ರಕ್ತ

ಒಂದು ಕೆ.ಜಿ. ತೂಕದ ಕೂಸಿನ ಮೈಯಲ್ಲಿ ಇರುವ ಒಟ್ಟು ರಕ್ತ ಸುಮಾರು 90 ಮಿ.ಲೀ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೊಡುವ ಒಂದು ಸಣ್ಣ ಕಪ್ ಚಹಾ ಅಷ್ಟೇ ಇರುತ್ತದೆ. ಪರೀಕ್ಷೆಗೆ ಅಂತ 1 ಮಿ.ಲೀ. ತೆಗೆದರೆ ದೊಡ್ಡವರ ಮೈಯಿಂದ 50 ಮಿ.ಲೀ. ತೆಗೆದಂಗೆ. ಐಸಿಯುನಲ್ಲಿರುವ ಕೂಸಿಗೆ ಸಕ್ಕರೆ ಅಂಶ, ಸೋಂಕು, ಕಾಮಾಲೆ, ಆಮ್ಲಜನಕ ಅಂತ ಪರೀಕ್ಷೆಗಳು ಮೇಲಿಂದ ಮೇಲೆ ನಡೆಯುತ್ತವೆ. ಹಾಗಾಗಿ ಎರಡು ಮೂರು ವಾರದಲ್ಲಿ ರಕ್ತ ಕಡಿಮೆಯಾಗುವುದು ಯಾರ ತಪ್ಪೂ ಅಲ್ಲ.

ಇನ್ನೂ ಎರಡು ಕಾರಣಗಳಿವೆ. ಕೂಸು ತಾಯಿಯಿಂದ ಕಬ್ಬಿಣಾಂಶ ಕೂಡಿಟ್ಟುಕೊಳ್ಳುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಏಳಕ್ಕೇ ಹುಟ್ಟಿದ ಕೂಸಿಗೆ ಆ ಗಂಟು ಸಿಕ್ಕಿರುವುದಿಲ್ಲ. ಮತ್ತೊಂದು, "ರಕ್ತ ತಯಾರು ಮಾಡು" ಅಂತ ಎಲುಬಿನ ಮಜ್ಜೆಗೆ ಹೇಳುವ ಹಾರ್ಮೋನು ಇಂಥ ಮಕ್ಕಳಲ್ಲಿ ಸಾಕಷ್ಟು ಹುಟ್ಟುವುದಿಲ್ಲ. ಅದಕ್ಕೇ ಒಂದೂವರೆ ಕೆ.ಜಿ.ಗಿಂತ ಸಣ್ಣ ಕೂಸುಗಳಲ್ಲಿ ಬಹಳಷ್ಟಕ್ಕೆ, ಒಂದು ಕೆ.ಜಿ.ಗಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಎಲ್ಲದಕ್ಕೂ, ಒಮ್ಮೆಯಾದರೂ ರಕ್ತ ಹಾಕಬೇಕಾಗುತ್ತದೆ.

ಹಾಕುವುದಾದರೂ ಎಷ್ಟು? ಸಾಮಾನ್ಯವಾಗಿ ಕೆ.ಜಿ.ಗೆ 15 ಮಿ.ಲೀ. ಅಂದರೆ ಮೂರು ಸಣ್ಣ ಚಮಚ. ಅದನ್ನೂ ಮೂರು ನಾಲ್ಕು ತಾಸು ಹಿಡಿದು ಪಂಪಿನಿಂದ ನಿಧಾನವಾಗಿ ಬಿಡುತ್ತಾರೆ. ಒಬ್ಬ ದಾನಿಯ ಚೀಲವನ್ನು ಸಣ್ಣ ಸಣ್ಣ ಚೀಲಗಳಿಗೆ ಹಂಚಿಟ್ಟು, ಎರಡನೇ ಸಲ ಬೇಕಾದರೆ ಅದೇ ದಾನಿಯ ರಕ್ತವನ್ನೇ ಕೊಡುವ ಪದ್ಧತಿಯೂ ಇದೆ. ಹಿಂಗ ಮಾಡಿದರೆ ಕೂಸಿನ ಮೈಗೆ ಹತ್ತು ಜನರ ರಕ್ತ ಸೇರುವುದು ತಪ್ಪುತ್ತದೆ.

ಆ ಕರುಳಿನ ಕಾಯಿಲೆ ಯಾವುದು?

ಅದರ ಉದ್ದ ಹೆಸರು ನೆಕ್ರೋಟೈಸಿಂಗ್ ಎಂಟರೋಕೊಲೈಟಿಸ್. ಆಸ್ಪತ್ರೆಯಲ್ಲಿ ಎಲ್ಲರೂ ಎನ್‌ಇಸಿ ಅಂತಲೇ ಕರೆಯುತ್ತಾರೆ. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಕರುಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅದರ ಗೋಡೆ ತೆಳು, ರಕ್ತದ ಓಡಾಟ ಕಡಿಮೆ, ಒಳಗೆ ಒಳ್ಳೆಯ ಬ್ಯಾಕ್ಟೀರಿಯಾ ಇನ್ನೂ ನೆಲೆಗೊಂಡಿರುವುದಿಲ್ಲ. ಅಂಥ ಕರುಳಿನ ಗೋಡೆಗೆ ಉರಿಯೂತ ಬಂದು, ಬ್ಯಾಕ್ಟೀರಿಯಾ ಒಳಗೆ ನುಗ್ಗಿ, ಕರುಳಿನ ಒಂದು ಭಾಗ ಸಾಯಲು ಶುರುವಾಗುತ್ತದೆ. ಕೆಲವೊಮ್ಮೆ ತೂತೂ ಬೀಳುತ್ತದೆ.

1,500 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಕ್ಕಳಿಗೆ ಇದು ಬರುತ್ತದೆ. ಬಂದ ನೂರು ಮಕ್ಕಳಲ್ಲಿ 20ರಿಂದ 30 ಉಳಿಯುವುದಿಲ್ಲ. ಆಪರೇಶನ್ ಬೇಕಾದವರ ಪಾಡು ಇನ್ನೂ ಕಷ್ಟ. ಬದುಕಿದರೂ ಕರುಳು ಕಿರಿದಾಗಿ ಮುಂದೆ ತೊಂದರೆ ಕೊಡಬಹುದು. ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಒಂದು ವಿಷಯ ಗಮನಿಸಬೇಕು. ಬಹಳ ಸಣ್ಣ ಮಕ್ಕಳಿಗೆ ಈ ಕಾಯಿಲೆ ಹುಟ್ಟಿದ ದಿನವೇ ಬರುವುದಿಲ್ಲ, ಎರಡು ಮೂರು ವಾರ ಕಳೆದ ಮೇಲೆ ಬರುತ್ತದೆ. "ಕೂಸು ಚಲೋ ಆಗ್ಯಾದ, ಇನ್ನೇನು ಮನಿಗಿ ಹೋಗೋದೇ" ಅಂತ ಬಂಧುಗಳು ಒತ್ತಾಯ ಮಾಡುವ ಹೊತ್ತು ಅದೇ. ಹಿಮೋಗ್ಲೋಬಿನ್ ಇಳಿದು ರಕ್ತ ಹಾಕುವ ಹೊತ್ತೂ ಅದೇ. ಗೊಂದಲ ಶುರುವಾಗಿದ್ದು ಇಲ್ಲಿಂದ.

ಸಂಶಯ ಹೇಗೆ ಬಂತು

ಎನ್‌ಇಸಿ ಬಂದ ಮಕ್ಕಳ ಕಡತ ತೆಗೆದು ನೋಡಿದ ವೈದ್ಯರಿಗೆ ಅವರಲ್ಲಿ ಒಂದಷ್ಟು ಮಕ್ಕಳಿಗೆ ಹಿಂದಿನ 48 ತಾಸಿನೊಳಗೆ ರಕ್ತ ಹಾಕಿದ್ದು ಕಂಡಿತು. ಒಂದು ಆಸ್ಪತ್ರೆಯಲ್ಲಲ್ಲ, ಹಲವು ಕಡೆ. 2012ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದಾಗ, ರಕ್ತ ಪಡೆದ ಮಕ್ಕಳಲ್ಲಿ ಅಪಾಯ ಸುಮಾರು ಎರಡು ಪಟ್ಟು ಅಂತ ಬಂತು. ಬೆಂಚಿನ ಮೇಲಿನ ಮಾತಿಗೆ ಮೂಲ ಇಲ್ಲಿದೆ.

ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿತ್ತು. ರಕ್ತ ಹಾಕುವುದು ಯಾರಿಗೆ? ಹೆಚ್ಚು ಸಣ್ಣ, ಹೆಚ್ಚು ಕಾಯಿಲೆಯ ಕೂಸಿಗೆ. ಎನ್‌ಇಸಿ ಬರುವುದೂ ಅಂಥ ಕೂಸಿಗೇ. 108 ಗಾಡಿ ಬಂದ ಮನೆಗಳಲ್ಲೇ ಸಾವು ಹೆಚ್ಚು ಅಂತ ಎಣಿಸಿ, ಸಾವು ತಂದದ್ದು ಗಾಡಿ ಅಂದರೆ ಹೇಗೋ ಇದೂ ಹಾಗೇ. ಇನ್ನೊಂದು ಸೂಕ್ಷ್ಮವಿದೆ. ಎನ್‌ಇಸಿ ಒಳಗೊಳಗೇ ಶುರುವಾದ ಕೂಸಿನ ಹಿಮೋಗ್ಲೋಬಿನ್ ಇಳಿಯಬಹುದು, ಕೂಸು ಮಂಕಾಗಬಹುದು. ಅದನ್ನು ನೋಡಿ ಡಾಕ್ಟರು ರಕ್ತ ಹಾಕುತ್ತಾರೆ. ಮರುದಿನ ಹೊಟ್ಟೆ ಉಬ್ಬುತ್ತದೆ. ಮನೆಯವರಿಗೆ ಕಾಣುವುದು ರಕ್ತದ ಚೀಲ ಮತ್ತು ಉಬ್ಬಿದ ಹೊಟ್ಟೆ ಮಾತ್ರ.

2016ರಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಮೂರು ಆಸ್ಪತ್ರೆಗಳ ಸುಮಾರು 600 ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅದು ಈ ಮಾತನ್ನೇ ತಿರುಗಿಸಿತು. ರಕ್ತ ಹಾಕಿದ್ದಕ್ಕೂ ಎನ್‌ಇಸಿಗೂ ಗಟ್ಟಿ ನಂಟು ಸಿಗಲಿಲ್ಲ. ನಂಟು ಸಿಕ್ಕಿದ್ದು ರಕ್ತಹೀನತೆಯ ಜೊತೆ. ಹಿಮೋಗ್ಲೋಬಿನ್ 8 ಅಥವಾ ಅದಕ್ಕಿಂತ ಕೆಳಗೆ ಇಳಿದ ವಾರದಲ್ಲಿ ಅಪಾಯ ಸುಮಾರು ಆರು ಪಟ್ಟು ಇತ್ತು. ಅಂದರೆ ಕಳ್ಳ ರಕ್ತದ ಚೀಲ ಆಗಿರಲಿಕ್ಕಿಲ್ಲ, ಚೀಲ ಬರುವ ಮುಂಚಿನ ಬಿಳುಪೇ ಆಗಿರಬಹುದು. ಆಮ್ಲಜನಕ ಸಾಲದೆ ಕರುಳು ಮೊದಲೇ ಸೊರಗಿರುತ್ತದೆ.

2019ರಲ್ಲಿ ಇಲಿಮರಿಗಳ ಮೇಲೆ ನಡೆದ ಪ್ರಯೋಗವೂ ಹತ್ತಿರದ ಮಾತನ್ನೇ ಹೇಳಿತು. ರಕ್ತಹೀನತೆ ತೀವ್ರವಾಗಿದ್ದ ಮರಿಗಳಿಗೆ ರಕ್ತ ಕೊಟ್ಟಾಗ ಕರುಳಿಗೆ ಪೆಟ್ಟಾಯಿತು. ರಕ್ತಹೀನತೆ ಇಲ್ಲದ ಮರಿಗಳಿಗೆ ಹಾಗಾಗಲಿಲ್ಲ. ಇಲಿ ಇಲಿಯೇ, ಕೂಸು ಕೂಸೇ. ಆದರೂ ಬಹಳ ಇಳಿಯುವವರೆಗೆ ಕಾಯುವುದು ಒಳ್ಳೆಯದಲ್ಲ ಅನ್ನುವ ಸುಳಿವು ಅದರಲ್ಲಿದೆ.

ಪಕ್ಕಾ ಪರೀಕ್ಷೆ ಮಾಡಿದಾಗ ಬಂದದ್ದು

ಕಡತ ನೋಡಿ ಲೆಕ್ಕ ಹಾಕುವುದು ಬೇರೆ, ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ ನೋಡುವುದು ಬೇರೆ. ಅಂಥ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2020ರಲ್ಲಿ ಬಂತು. ಒಂದು ಗುಂಪಿಗೆ ಹಿಮೋಗ್ಲೋಬಿನ್ ಸ್ವಲ್ಪ ಇಳಿದ ಕೂಡಲೇ ರಕ್ತ, ಇನ್ನೊಂದು ಗುಂಪಿಗೆ ಇನ್ನಷ್ಟು ಇಳಿದ ಮೇಲೆ ರಕ್ತ.

ಅಮೆರಿಕದ ಪರೀಕ್ಷೆಯಲ್ಲಿ ಒಂದು ಕೆ.ಜಿ. ಮತ್ತು ಅದಕ್ಕಿಂತ ಕಡಿಮೆ ತೂಕದ 1,824 ಮಕ್ಕಳಿದ್ದರು. ಧಾರಾಳವಾಗಿ ರಕ್ತ ಕೊಟ್ಟ ಗುಂಪಿನಲ್ಲಿ ಎನ್‌ಇಸಿ ಬಂದದ್ದು ನೂರಕ್ಕೆ 10.0, ಬಿಗಿಹಿಡಿದು ಕೊಟ್ಟ ಗುಂಪಿನಲ್ಲಿ 10.5. ಯುರೋಪಿನ ಪರೀಕ್ಷೆಯಲ್ಲಿ 1,013 ಮಕ್ಕಳು. ಅಲ್ಲಿ 5.3 ಮತ್ತು 6.2. ಎರಡೂ ಕಡೆ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಇದ್ದ ಚೂರು ವ್ಯತ್ಯಾಸವೂ ಹೆಚ್ಚು ರಕ್ತ ಪಡೆದವರ ಕಡೆಗೇ ವಾಲಿದೆ. ಸಾವಿನಲ್ಲೂ, ಎರಡು ವರ್ಷದ ಹೊತ್ತಿಗೆ ಮಿದುಳಿನ ಬೆಳವಣಿಗೆಯಲ್ಲೂ ಎರಡು ಗುಂಪಿಗೆ ಫರಕು ಕಾಣಲಿಲ್ಲ.

ಈ ಪರೀಕ್ಷೆಗಳು ಹೋಲಿಸಿದ್ದು ಹೆಚ್ಚು ರಕ್ತ ಮತ್ತು ಕಡಿಮೆ ರಕ್ತವನ್ನು. ರಕ್ತವೇ ಬೇಡ ಅನ್ನುವ ಗುಂಪು ಎಲ್ಲೂ ಇರಲಿಲ್ಲ. ಅಂಥ ಗುಂಪು ಮಾಡಲು ಯಾವ ಡಾಕ್ಟರೂ ಒಪ್ಪುವುದಿಲ್ಲ. ಆದ್ದರಿಂದ "ಅಮೆರಿಕದಾಗ ಕಮ್ಮಿ ರಕ್ತ ಹಾಕಿದ್ರೂ ನಡೀತದಂತ" ಅನ್ನುವುದನ್ನು "ಹಾಕದಿದ್ದರೂ ನಡೀತದ" ಅಂತ ಓದಿಕೊಳ್ಳಬಾರದು.

ಡಾಕ್ಟರು ಯಾವಾಗ ರಕ್ತ ಬೇಕು ಅಂತಾರೆ? 30 ವಾರಕ್ಕಿಂತ ಮುಂಚೆ ಹುಟ್ಟಿದವರಿಗಾಗಿ 2024ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಕೊಟ್ಟ ಸಲಹೆ ಹೀಗಿದೆ: ಉಸಿರಾಟಕ್ಕೆ ಯಂತ್ರದ ನೆರವು ಇರುವ ಕೂಸಿಗೆ ಮೊದಲ ವಾರ 11, ಎರಡನೇ ವಾರ 10, ಮೂರನೇ ವಾರದಿಂದ 8.5. ನೆರವಿಲ್ಲದೆ ಉಸಿರಾಡುವ ಕೂಸಿಗೆ ಕ್ರಮವಾಗಿ 10, 8.5, 7. ಇದಕ್ಕಿಂತ ಕೆಳಗೆ ಇಳಿದರೆ ರಕ್ತ. ಪಕ್ಕದ ಪೆಟ್ಟಿಗೆಯ ಕೂಸಿಗೆ 9 ಇದ್ದರೂ ರಕ್ತ ಹಾಕಿದರು, ನಮ್ಮದಕ್ಕೆ 8 ಇದ್ದರೂ ಹಾಕಲಿಲ್ಲ ಅಂತ ಜಗಳಕ್ಕೆ ನಿಲ್ಲುವ ಮುಂಚೆ ಈ ಲೆಕ್ಕ ನೆನಪಿರಲಿ. ಆಪರೇಶನ್, ಸೋಂಕು, ರಕ್ತಸ್ರಾವ ಇದ್ದರೆ ಡಾಕ್ಟರ ನಿರ್ಧಾರ ಬೇರೆಯಾಗುತ್ತದೆ.

"ತಾಜಾ ರಕ್ತ ಕೊಡ್ರಿ, ನನ್ನದೇ ತಗೋರಿ"

ರಕ್ತ ಬೇಕೆಂದಾಗ ನಮ್ಮ ಕಡೆ ಎರಡು ಮಾತು ತಪ್ಪದೇ ಬರುತ್ತವೆ. ಒಂದು, ಹಳೆಯ ಚೀಲ ಬೇಡ, ಈಗ ತೆಗೆದದ್ದೇ ಬೇಕು. ಕೆನಡಾದಲ್ಲಿ 377 ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿ 2012ರಲ್ಲಿ ಫಲಿತಾಂಶ ಕೊಟ್ಟರು. ಏಳು ದಿನದೊಳಗಿನ ರಕ್ತಕ್ಕೂ ಬ್ಲಡ್ ಬ್ಯಾಂಕಿನ ಎಂದಿನ ರಕ್ತಕ್ಕೂ ಮಕ್ಕಳ ತೊಡಕುಗಳಲ್ಲಿ ವ್ಯತ್ಯಾಸ ಬರಲಿಲ್ಲ. ಎನ್‌ಇಸಿಯೂ ಆ ತೊಡಕುಗಳ ಲೆಕ್ಕದಲ್ಲಿತ್ತು. ತಾಜಾ ಚೀಲ ಹುಡುಕುತ್ತ ಒಂದು ರಾತ್ರಿ ಕಳೆದರೆ ನಷ್ಟ ಕೂಸಿಗೇ.

ಎರಡನೆಯದು ಅಪ್ಪ, ಕಾಕಾ, ಸೋದರಮಾವ ತೋಳು ಮಡಚಿ ನಿಲ್ಲುವುದು. ಪ್ರೀತಿ ದೊಡ್ಡದು. ಆದರೆ ಹತ್ತಿರದ ರಕ್ತಸಂಬಂಧಿಯ ರಕ್ತವನ್ನು ವಿಕಿರಣದಿಂದ ಸಂಸ್ಕರಿಸದೆ ನೇರ ಇಂಥ ಕೂಸಿಗೆ ಹಾಕುವುದು ಅಪಾಯ. ದಾನಿಯ ಬಿಳಿ ರಕ್ತಕಣಗಳನ್ನು ಕೂಸಿನ ಮೈ ತನ್ನವೇ ಅಂತ ತಿಳಿದು ಬಿಟ್ಟುಬಿಡಬಹುದು. ಆಮೇಲೆ ಅವು ಕೂಸಿನ ಮೈಯನ್ನೇ ಕೆಡಿಸುತ್ತವೆ. ಇದು ಅಪರೂಪ, ಬಂದರೆ ಉಳಿಗಾಲವಿಲ್ಲ. ಅಪ್ಪ, ಮಾವ ರಕ್ತ ಕೊಡುವುದು ಬೇಕೇ ಬೇಕು. ಅದು ಬ್ಲಡ್ ಬ್ಯಾಂಕಿಗೆ ಹೋಗಲಿ, ಇನ್ನೊಬ್ಬರ ಕೂಸಿಗೆ ಸೇರಲಿ.

ಇನ್ನೊಂದು ಸಣ್ಣ ವಿಷಯವಿದೆ, ಗೊತ್ತಿಲ್ಲದೆ ತಾಸುಗಟ್ಟಲೆ ಹಾಳಾಗುತ್ತದೆ. ಎಳೆಗೂಸಿಗೆ ರಕ್ತ ಹೊಂದಿಸುವಾಗ ಬ್ಲಡ್ ಬ್ಯಾಂಕಿನವರು ತಾಯಿಯ ರಕ್ತದ ಮಾದರಿಯನ್ನೂ ಕೇಳುತ್ತಾರೆ. ಕೂಸಿನ ಮೈಯಲ್ಲಿ ಓಡಾಡುವ ಪ್ರತಿಕಾಯಗಳು ತಾಯಿಯಿಂದ ಬಂದವು. ನಮ್ಮಲ್ಲಿ ಆಗುವುದೇನು? ಹೆರಿಗೆ ಆಳಂದದಲ್ಲಿ. ಕೂಸು ಸುಮಾರು 40 ಕಿ.ಮೀ. ದೂರದ ಕಲಬುರಗಿಗೆ, ಬಾಣಂತಿ ಇಲ್ಲೇ ಹಾಸಿಗೆ ಮೇಲೆ. ಅಲ್ಲಿಂದ "ತಾಯಿ ಸ್ಯಾಂಪಲ್ ತಗೊಂಡ್ ಬರ್ರಿ" ಅಂತ ಫೋನ್. ಕೂಸನ್ನು ಕಳಿಸುವಾಗಲೇ ರೆಫರಲ್ ಚೀಟಿ, ತಾಯಿ ಕಾರ್ಡು ಮತ್ತು ತಾಯಿಯ ರಕ್ತದ ಮಾದರಿ ಜೊತೆಗೆ ಕೊಡಿ ಅಂತ ನರ್ಸಮ್ಮನವರನ್ನು ಕೇಳಿ. ಕೇಳಿದರೆ ಕೊಡುತ್ತಾರೆ.

ಹಾಗಾದರೆ ಕರುಳನ್ನು ಕಾಯುವುದು ಯಾವುದು?

ಇದಕ್ಕೆ ಉತ್ತರ ಬ್ಲಡ್ ಬ್ಯಾಂಕಿನಲ್ಲಿಲ್ಲ, ತಾಯಿಯ ಹತ್ತಿರ ಇದೆ. 1990ರಲ್ಲಿ ಇಂಗ್ಲೆಂಡಿನ ತಜ್ಞರು ಅವಧಿಗೆ ಮುನ್ನ ಹುಟ್ಟಿದ 926 ಮಕ್ಕಳನ್ನು ನೋಡಿ ಹೇಳಿದ್ದು: ಬರೀ ಡಬ್ಬಿ ಹಾಲು ಕುಡಿದ ಮಕ್ಕಳಲ್ಲಿ ಎನ್‌ಇಸಿ, ಬರೀ ತಾಯಿ ಹಾಲು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು. ಅವತ್ತಿನಿಂದ ಇವತ್ತಿನವರೆಗೆ ಬಂದ ಅಧ್ಯಯನಗಳು ಪಟ್ಟಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಹೇಳಿದರೂ ದಿಕ್ಕು ಬದಲಾಗಿಲ್ಲ.

ಕೂಸಿಗೆ ಚೀಪುವ ಶಕ್ತಿ ಇರುವುದಿಲ್ಲ, ನಳಿಕೆಯಿಂದ 1 ಮಿ.ಲೀ., 2 ಮಿ.ಲೀ. ಕೊಡುತ್ತಾರೆ. "ಇಷ್ಟಕ್ಕ ಯಾಕ ಹಿಂಡ್ಬೇಕು" ಅಂತ ಬಾಣಂತಿಗೆ ಅನಿಸುವುದು ಸಹಜ. ಹೆರಿಗೆಯಾದ ಮೊದಲ ತಾಸುಗಳಿಂದಲೇ, ಎರಡು ಮೂರು ತಾಸಿಗೊಮ್ಮೆ, ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲ ಹಿಂಡಿದರೆ ಮಾತ್ರ ಹಾಲು ನಿಲ್ಲುತ್ತದೆ. ಮೊದಲ ಹಳದಿ ಹಾಲನ್ನು ಚೆಲ್ಲುವ ಮನೆಗಳು ಇನ್ನೂ ಇವೆ. ಈ ಕೂಸುಗಳಿಗೆ ಅದು ಔಷಧ. ಸಾಮಾನ್ಯ ತಂಪಿನ ಕೋಣೆಯಲ್ಲಿ ಹಿಂಡಿದ ಹಾಲು ನಾಲ್ಕು ತಾಸು ತಾಳುತ್ತದೆ ಅನ್ನುವ ಲೆಕ್ಕ ನಮ್ಮ ಏಪ್ರಿಲ್ ಬಿಸಿಲಿಗೆ ನಡೆಯುವುದಿಲ್ಲ. ವಾರ್ಡಿನ ಫ್ರಿಜ್‌ನಲ್ಲೇ ಇಡಿಸಿ.

ಕೆಲವು ಆಸ್ಪತ್ರೆಗಳಲ್ಲಿ ರಕ್ತ ಹಾಕುವ ಹೊತ್ತಿನಲ್ಲಿ ಕೆಲವು ತಾಸು ಹಾಲು ನಿಲ್ಲಿಸುತ್ತಾರೆ, ಕೆಲವು ಕಡೆ ನಿಲ್ಲಿಸುವುದಿಲ್ಲ. ಇದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ನಿಲ್ಲಿಸಿದರೆ ಗಾಬರಿ ಬೇಡ, ಆ ಹೊತ್ತಿನಲ್ಲೂ ತಾಯಿ ಹಿಂಡುವುದನ್ನು ನಿಲ್ಲಿಸಬಾರದು.

ತಾಯಿಗೆ ಹಾಲು ಸಾಲದಿದ್ದರೆ ಮುಂದಿನ ದಾರಿ ದಾನಿ ತಾಯಂದಿರ ಹಾಲು. ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಏಷ್ಯಾದ ಮೊದಲ ಎದೆಹಾಲು ಬ್ಯಾಂಕ್ ತೆರೆದದ್ದು 1989ರಲ್ಲಿ. ಬೆಂಗಳೂರಿನ ವಾಣಿವಿಲಾಸ ಸರ್ಕಾರಿ ಆಸ್ಪತ್ರೆಯಲ್ಲಿ 'ಅಮೃತಧಾರೆ' 2022ರಲ್ಲಿ ಶುರುವಾಯಿತು. ಬಿಸಿಲು, ಬಡತನ, ಸಣ್ಣ ವಯಸ್ಸಿನ ಬಾಣಂತಿಯರು, ಎಲ್ಲ ಇರುವ ಕಲ್ಯಾಣ ಕರ್ನಾಟಕದ ಪ್ರತಿ ಜಿಲ್ಲೆಗೂ ಇಂಥದ್ದೊಂದು ಬೇಕು ಅಂತ ಕೇಳುವುದರಲ್ಲಿ ತಪ್ಪೇನಿದೆ?

ಅಂಗಡಿಕಾರರಿಗೆ ಒಂದು ಮಾತು. ಎಳೆ ಮಕ್ಕಳ ಡಬ್ಬಿ ಹಾಲಿನ ಜಾಹೀರಾತು, ಮಾರಾಟ ಹೆಚ್ಚಿಸಲು ರಿಯಾಯಿತಿ ಇಲ್ಲವೇ ಉಡುಗೊರೆ, ಪುಕ್ಕಟೆ ಸ್ಯಾಂಪಲ್ ಇವೆಲ್ಲ 1992ರ ಕಾಯ್ದೆಯ ಪ್ರಕಾರ ಅಪರಾಧ. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಡಾಕ್ಟರ ಚೀಟಿಯಿಲ್ಲದೆ ಬಂದ ಅಜ್ಜಿಗೆ "ಇದು ಹಾಕ್ರಿ, ಕೂಸು ದಪ್ಪ ಆಗ್ತದ" ಅಂತ ಡಬ್ಬಿ ಕೊಡುವುದು ಒಂದೂವರೆ ಕೆ.ಜಿ. ಕೂಸಿನ ಕರುಳಿಗೆ ಭಾರವಾಗಬಹುದು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಗಳು 2024ರಲ್ಲಿ ಹೇಳಿದ್ದನ್ನೂ ಸೇರಿಸಬೇಕು: ಡಬ್ಬಿ ಹಾಲೇ ಎನ್‌ಇಸಿ ತರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ, ತಾಯಿ ಹಾಲು ಇಲ್ಲದಿರುವುದೇ ಅಪಾಯದ ಜೊತೆ ನಂಟಿರುವ ಸಂಗತಿ. ಬೇರೆ ಹಾಲು ಸಿಗದ ಕೂಸಿಗೆ ಡಾಕ್ಟರೇ ಡಬ್ಬಿ ಹಾಲು ಬರೆದುಕೊಟ್ಟರೆ ಅದನ್ನು ಕೊಡಲೇಬೇಕು.

ಹೆರಿಗೆಗೆ ಮುಂಚೆಯೇ ಆಗುವ ಕೆಲಸ

ರಕ್ತ ಹಾಕುವ ಪ್ರಸಂಗವನ್ನೇ ಕಡಿಮೆ ಮಾಡಬಹುದು. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಕನಿಷ್ಠ ಒಂದು ನಿಮಿಷ ಕಾಯಿರಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಒಂದು ನಿಮಿಷದಲ್ಲಿ ಮಾಸಿನ ಕಡೆಯಿಂದ ಬರುವ ರಕ್ತ ಕೂಸಿಗೆ ಪುಕ್ಕಟೆ ಸಿಗುವ ಮೊದಲ ಚೀಲ. ಹೀಗೆ ಕಾದರೆ ಮುಂದೆ ರಕ್ತ ಹಾಕುವ ಅಗತ್ಯ ಕಡಿಮೆಯಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಸಾವೂ ಸುಮಾರು ಮೂರರಲ್ಲಿ ಒಂದರಷ್ಟು ಕಡಿಮೆ ಅಂತ 2023ರ ದೊಡ್ಡ ಲೆಕ್ಕಾಚಾರ ತೋರಿಸಿದೆ. ಕೂಸು ಉಸಿರಾಡದೇ ಇದ್ದರೆ ಮಾತು ಬೇರೆ.

ಹೆರಿಗೆ ನೋವು ಬೇಗ ಬಂದಾಗ ತಾಯಿಗೆ ಕೊಡುವ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಇನ್ನೊಂದು. ಇದು ಕೂಸಿನ ಶ್ವಾಸಕೋಶದ ಜೊತೆ ಕರುಳನ್ನೂ ಕಾಯುತ್ತದೆ. ಐದು ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಮ್ಮ ಬೆಳಗಾವಿಯ ತಾಯಂದಿರೂ ಇದ್ದರು. ಇಂಜೆಕ್ಷನ್ ಪಡೆದವರ ಮಕ್ಕಳಲ್ಲಿ ಸಾವು ನೂರಕ್ಕೆ 19.6, ಪಡೆಯದವರಲ್ಲಿ 23.5. ಆದರೆ ಅದು ಕೆಲಸ ಮಾಡಬೇಕಾದರೆ ಹೆರಿಗೆಗೆ ಮುಂಚೆ ಸಮಯ ಸಿಗಬೇಕು. ನೋವು ಬಂದರೂ "ಇನ್ನೂ ದಿನ ತುಂಬಿಲ್ಲ, ಸುಳ್ಳು ನೋವು" ಅಂತ ಮನೆಯಲ್ಲಿ ಕೂಡಿಸಿದರೆ, ಭೂಸನೂರಿನ ಕಾರ್ಖಾನೆ ಕಡೆ ಕಬ್ಬು ಕಡಿಯಲು ಬಂದ ಗರ್ಭಿಣಿಗೆ ಗಾಡಿ ಸಿಗಲು ಅರ್ಧ ದಿನವಾದರೆ, ಆ ಸಮಯ ಹೋಯಿತು.

ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ 45ರಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆಶಾ ಕಾರ್ಯಕರ್ತೆ ಕೊಡುವ ಕೆಂಪು ಗುಳಿಗೆ 180 ದಿನ ನುಂಗಬೇಕು. ಎಷ್ಟು ಮನೆಗಳಲ್ಲಿ ಅದು ಮಾಡದ ಮೇಲೆ ಉಳಿದಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಹೊಟ್ಟೆ ಉಬ್ಬಿದರೆ

ಕೂಸು ಮನೆಗೆ ಬಂದ ಮೇಲೂ ಮೊದಲ ಕೆಲವು ವಾರ ಕಣ್ಣಿಟ್ಟಿರಬೇಕು. ಹೊಟ್ಟೆ ಉಬ್ಬಿ ಬಿಗಿಯಾಗುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಬೇಡ ಅನ್ನುವುದು, ಮೈ ತಣ್ಣಗಾಗುವುದು, ನಡುನಡುವೆ ಉಸಿರು ನಿಲ್ಲುವುದು. ಇದರಲ್ಲಿ ಒಂದು ಕಂಡರೂ ಅದೇ ತಾಸಿನಲ್ಲಿ ಆಸ್ಪತ್ರೆ. ಬೆಳಗಾಗಲಿ ಅಂತ ಕಾಯಬೇಡಿ. ಬಜೆ ತೇಯ್ದು ನೆಕ್ಕಿಸುವುದು, ಔಡಲೆಣ್ಣೆ ಹಾಕುವುದು, ಹೊಟ್ಟೆಗೆ ಬರೆ ಎಳೆಯುವುದು, ಇವು ಸತ್ತ ಕರುಳನ್ನು ಬದುಕಿಸುವುದಿಲ್ಲ, ಇದ್ದ ತಾಸನ್ನು ತಿನ್ನುತ್ತವೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಕರುಳಿನ ಗೋಡೆಯೊಳಗೆ ಗಾಳಿ ಗುಳ್ಳೆ ಇದೆಯೇ ನೋಡುತ್ತಾರೆ. ಇದ್ದರೆ ಹಾಲು ಬಂದ್ ಮಾಡಿ, ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆ ಖಾಲಿ ಮಾಡಿ, ಒಂದೆರಡು ವಾರ ಸಲೈನ್ ಮತ್ತು ಆಂಟಿಬಯಾಟಿಕ್ ಕೊಡುತ್ತಾರೆ. ಬಹಳ ಮಕ್ಕಳಿಗೆ ಇಷ್ಟೇ ಸಾಕು. ತೂತು ಬಿದ್ದರೆ ಆಪರೇಶನ್. "ಕೂಸಿಗಿ ಉಪವಾಸ ಕೆಡವ್ಯಾರ" ಅಂತ ಸಹಿ ಹಾಕಿ ಬಿಡಿಸಿಕೊಂಡು ಹೋಗುವುದು ಇಂಥ ಹೊತ್ತಿನಲ್ಲೇ ಜಾಸ್ತಿ. ಆ ಉಪವಾಸವೇ ಚಿಕಿತ್ಸೆ.

ಖರ್ಚಿನ ವಿಷಯ: 2011ರ ಜೂನ್‌ನಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಎಳೆಗೂಸಿಗೆ ಔಷಧ, ಪರೀಕ್ಷೆ, ರಕ್ತ, ಹೋಗಿಬರುವ ಗಾಡಿ ಎಲ್ಲ ಉಚಿತ. ಮೊದಲು 30 ದಿನದವರೆಗೆ ಇದ್ದದ್ದನ್ನು ಆಮೇಲೆ ಒಂದು ವರ್ಷದ ಮಕ್ಕಳಿಗೂ ವಿಸ್ತರಿಸಿದ್ದಾರೆ. ತುರ್ತಿಗೆ 108, ಸಲಹೆ ಅಥವಾ ದೂರಿಗೆ 104. ರಕ್ತ ಕೊಡಲು ಬಯಸುವವರ ವಯಸ್ಸು 18ರಿಂದ 65, ತೂಕ 45 ಕೆ.ಜಿ.ಗೆ ಕಡಿಮೆಯಿರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಣ್ಣುಮಕ್ಕಳು 120 ದಿನ ಬಿಟ್ಟು ಮತ್ತೆ ಕೊಡಬಹುದು.